ಘಾಟು ಬೇರೆ, ನಿಕೋಟಿನ್ ಬೇರೆ

ಸಿಗಾರ್ ಸೇದಿ ಅಂಕ ಕೊಡುವ ಮೇಜಿನ ಸುತ್ತ ಹೊಸಬರು ಕೂತರೆ ಮೊದಲ ಹತ್ತು ನಿಮಿಷದಲ್ಲೇ ಯಾರಾದರೊಬ್ಬರು ಕೆಮ್ಮುತ್ತಾರೆ. ಕಣ್ಣು ಒರೆಸಿಕೊಂಡು, "ಅಬ್ಬಾ, ಸಖತ್ ಸ್ಟ್ರಾಂಗ್ ಇದೆ" ಅನ್ನುತ್ತಾರೆ. ನಾನು ಕಾರ್ಡಿನಲ್ಲಿ ಏನೂ ಬರೆಯುವುದಿಲ್ಲ. ಹತ್ತು ನಿಮಿಷಕ್ಕೆ ಗೊತ್ತಾಗುವುದು ಘಾಟು ಮಾತ್ರ. ಸ್ಟ್ರೆಂತ್ ಗೊತ್ತಾಗಲು ಅರ್ಧ ಗಂಟೆಯಾದರೂ ಬೇಕು. ಅದೂ ಗಂಟಲಲ್ಲಲ್ಲ, ಹೊಟ್ಟೆಯಲ್ಲಿ.

ಎಲೆ ಕೊಳ್ಳುವುದು, ಮಿಶ್ರಣ ನೋಡುವುದು, ಬ್ಯಾಂಡ್, ಅಂದರೆ ಹೆಸರಿರುವ ಕಾಗದದ ಪಟ್ಟಿ, ಬಿಚ್ಚಿಟ್ಟ ಸಿಗಾರ್ ಸೇದಿ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಜಾಸ್ತಿ ಸಲ ಬಿಡಿಸಿ ಹೇಳಿದ ವಿಷಯ ಇದೊಂದೇ. ಸ್ಟ್ರೆಂತ್ ಅಂದರೆ ನಿಕೋಟಿನ್, ಅಷ್ಟೇ. ಬಾಡಿ ಅಂದರೆ ಬಾಯಲ್ಲಿ ಹೊಗೆ ಎಷ್ಟು ಮಂದವಾಗಿದೆ ಅನ್ನುವುದು. ನೀರು ಹಾಕಿದ ಹಾಲಿಗೂ ಕೆನೆಹಾಲಿಗೂ ಇರುವ ವ್ಯತ್ಯಾಸದ ಹಾಗೆ. ಫ್ಲೇವರ್ ಅಂದರೆ ರುಚಿ, ವಾಸನೆ ಎರಡೂ ಸೇರಿದ್ದು. ಈ ಮೂರೂ ಒಟ್ಟಿಗೇ ಬರಬೇಕು ಅಂತೇನಿಲ್ಲ. ಮೂಗು ಉರಿಸುವಷ್ಟು ಮೆಣಸಿನ ಘಾಟಿದ್ದು ನಿಕೋಟಿನ್ ಸಾಧಾರಣವಾಗಿರುವ ಸಿಗಾರ್‌ಗಳಿವೆ. ಬೆಣ್ಣೆಯ ಹಾಗೆ ನುಣ್ಣಗೆ ಸಾಗಿ, ಕೊನೆಗೆ ಎದ್ದು ನಿಂತಾಗ ಮೊಣಕಾಲು ನಡುಗಿಸುವವೂ ಇವೆ. ನನಗೆ ಭಯ ಇರುವುದು ಈ ಎರಡನೆಯ ಜಾತಿಯದ್ದು. ಅದು ಮುನ್ಸೂಚನೆ ಕೊಡುವುದಿಲ್ಲ.

ಬಣ್ಣ ನೋಡಿ ಅಳೆಯುವವರೂ ಇದ್ದಾರೆ. ಹೊರಗಿನ ಎಲೆ ಕಪ್ಪಗಿದ್ದರೆ ಸ್ಟ್ರಾಂಗ್, ತಿಳಿಯಾಗಿದ್ದರೆ ಹಗುರ ಅಂತ. ಹಾಗಲ್ಲ. ಮಡೂರೋ ಅನ್ನುವ ಕಪ್ಪು ರ‍್ಯಾಪರ್ ಕಪ್ಪಾಗುವುದು ಹೆಚ್ಚು ಬಿಸಿಯಲ್ಲಿ, ಹೆಚ್ಚು ದಿನ ಮಾಗಿಸಿದ್ದರಿಂದ. ಅದರಲ್ಲಿ ಎಷ್ಟೋ ಸಲ ಸಿಹಿಯ ಛಾಯೆಯೇ ಮುಂದಿರುತ್ತದೆ. ಒಂದು ಸಿಗಾರ್‌ಗೆ ಮೂರು ಪದರ: ಹೊರಗೆ ರ‍್ಯಾಪರ್, ಅದರೊಳಗೆ ಬಿಗಿಯಾಗಿ ಹಿಡಿದಿರುವ ಬೈಂಡರ್, ನಡುವೆ ಫಿಲ್ಲರ್. ಪವರ್ ಕೂತಿರುವುದು ಬಹುಮಟ್ಟಿಗೆ ಫಿಲ್ಲರ್‌ನಲ್ಲಿ. ನಮ್ಮ ಕಣ್ಣಿಗೆ ಕಾಣುವುದು ರ‍್ಯಾಪರ್ ಒಂದೇ.

ಫಿಲ್ಲರ್ ಎಲೆ ಗಿಡದ ಯಾವ ಎತ್ತರದ್ದು ಅನ್ನುವುದೇ ಮುಖ್ಯ. ಕೆಳಗಿನ ಎಲೆ ವೊಲಾಡೊ: ತೆಳು, ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದು ಸೆಕೊ: ಪರಿಮಳ ಇರುವುದು ಇದರಲ್ಲಿ. ತುದಿಯದು ಲಿಹೇರೊ: ದಪ್ಪ, ಜಿಡ್ಡು, ಮುಟ್ಟಿದರೆ ಬೆರಳಿಗೆ ಅಂಟು. ಹೊಗೆಸೊಪ್ಪಿನ ಗಿಡ ನಿಕೋಟಿನ್ ಮಾಡುವುದು ಬೇರಿನಲ್ಲಿ, ಆಮೇಲೆ ಅದು ಎಲೆಗೆ ಏರುತ್ತದೆ. ಹೂವು ಬರುವ ಹೊತ್ತಿಗೆ ಬೆಳೆಗಾರ ಕುಡಿ ಚಿವುಟಿ ಹಾಕುತ್ತಾನೆ. ಬೀಜಕ್ಕೆ ಹೋಗಬೇಕಾದ ಸತ್ವ ಎಲೆಯಲ್ಲೇ ನಿಲ್ಲುತ್ತದೆ, ನಿಕೋಟಿನ್ನೂ ಏರುತ್ತದೆ. ತುದಿಯ ಎಲೆಗೆ ಬಿಸಿಲೂ ಜಾಸ್ತಿ, ಗಿಡದಲ್ಲಿ ಕಳೆಯುವ ದಿನವೂ ಜಾಸ್ತಿ. ಫುಲ್ ಸ್ಟ್ರೆಂತ್ ಸಿಗಾರ್ ಅಂದರೆ ಲಿಹೇರೊ ಧಾರಾಳವಾಗಿ ಹಾಕಿದ ಸಿಗಾರ್ ಅಂತ ತಿಳಿದರೆ ಹೆಚ್ಚು ತಪ್ಪಾಗದು.

ಲಿಹೇರೊಗೆ ಒಂದು ಹಟ ಇದೆ. ಬೇಗ ಉರಿಯುವುದಿಲ್ಲ. ಅದಕ್ಕೇ ಸುತ್ತುವವರು ಅದನ್ನು ಮಡಿಸಿ ಸರಿಯಾಗಿ ನಡುಮಧ್ಯ ಇಡುತ್ತಾರೆ, ಸುತ್ತಲೂ ಸೆಕೊ, ವೊಲಾಡೊ. ಅಂಚಿಗೆ ಸರಿದರೆ ಒಂದು ಕಡೆ ಉರಿದು ಇನ್ನೊಂದು ಕಡೆ ನಿಂತುಬಿಡುತ್ತದೆ. ಬೂದಿ ಉದುರಿಸಿದಾಗ ಕೆಂಡವನ್ನು ಒಮ್ಮೆ ನೋಡಿ. ಅದು ಪೆನ್ಸಿಲ್ ತುದಿಯ ಹಾಗೆ ಚೂಪಾಗಿ, ನೇರ ನಡುವೆ ನಿಂತಿದ್ದರೆ ಸುತ್ತಿದ ಕೈ ಒಳ್ಳೆಯ ಕೈ. ನಿಧಾನ ಉರಿಯುವ ಎಲೆ ಹಿಂದೆ ಉಳಿದು ಆ ಮೊನೆ ಮೂಡಿರುತ್ತದೆ. ಬೂದಿ ಎಷ್ಟು ಉದ್ದ ನಿಂತಿತು ಅಂತ ಫೋಟೊ ತೆಗೆಯುವವರನ್ನು ನೋಡಿದ್ದೇನೆ. ಅದರ ಕೆಳಗಿನ ಕೆಂಡವನ್ನು ಯಾರೂ ನೋಡುವುದಿಲ್ಲ.

ಇಂಥ ಎಲೆಗೆ ಕಾಲ ಬೇಕು. ರಾಶಿ ಹಾಕಿ ಮಾಗಿಸುವಾಗ ಒಳಗಿನ ಬಿಸಿ ಏರುತ್ತದೆ. ಮಿತಿ ಮುಟ್ಟಿದಾಗ ರಾಶಿ ಒಡೆದು, ಒಳಗಿನದು ಹೊರಗೆ ಬರುವಂತೆ ಮತ್ತೆ ಪೇರಿಸುತ್ತಾರೆ. ಈ ನಡುವೆ ಅಮೋನಿಯಾ ಹೊರಗೆ ಹೋಗುತ್ತದೆ. ಲಿಹೇರೊಗೆ ಇದೂ ಜಾಸ್ತಿ ದಿನ ಬೇಕು, ಆಮೇಲೆ ಇಟ್ಟು ಹಳತಾಗಿಸುವುದಕ್ಕೂ ಬೇಕು. ಕ್ಯೂಬಾದಲ್ಲಿ ಲಿಹೇರೊವನ್ನು ಎರಡು ವರ್ಷವಾದರೂ ಇಡುವುದು ವಾಡಿಕೆ. ಅವಸರ ಮಾಡಿದ್ದಾರೋ ಇಲ್ಲವೋ ಅಂತ ಹಚ್ಚಿದ ಕೂಡಲೇ ಮೂಗು ಹೇಳುತ್ತದೆ. ಮೂತ್ರದ ಹಾಗೆ ಚುಚ್ಚುವ ಆ ವಾಸನೆ ಬಂದರೆ ಅದು ಸ್ಟ್ರೆಂತ್ ಅಲ್ಲ, ಮಾಗದ ಎಲೆ. ಅದನ್ನೇ "ಪವರ್" ಅಂತ ಮಾರುವವರೂ ಇದ್ದಾರೆ ಅನ್ನಿ.

ಮಣ್ಣಿನ ಗುಣವೂ ಇದೆ. ನಿಕರಾಗುವಾದ ಎಸ್ತೆಲಿ ಕಣಿವೆಯ ಎಲೆ ಗಟ್ಟಿ, ಮೆಣಸಿನ ಘಾಟಿನದು. ಅದೇ ದೇಶದ ಹಲಾಪಾದ ಎಲೆ ಮೆತ್ತಗೆ, ಸ್ವಲ್ಪ ಸಿಹಿ. ಕ್ಯೂಬಾದಲ್ಲಿ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವೂಎಲ್ತಾ ಅಬಾಹೊ ಹೆಸರಾದ ಜಾಗ. ಪಾರ್ತಗಾಸ್, ಬೊಲಿವಾರ್ ಅಲ್ಲಿನ ಗಟ್ಟಿ ಸಾಲಿನ ಬ್ರ್ಯಾಂಡುಗಳು; ಓಯೊ ದೆ ಮೊಂಟೆರೇ ಹಗುರದ ಕಡೆಗೆ.

ನಿನ್ನೆ ಮೇಜಿಗೆ ಬಂದದ್ದು ಬ್ಯಾಂಡ್ ಇಲ್ಲದ, ರೊಬುಸ್ತೊ ಅನ್ನುವ ಅಳತೆಯ ಒಂದು ಸಿಗಾರ್. 5 ಇಂಚು ಉದ್ದ, 50 ರಿಂಗ್ ಗೇಜ್. ರಿಂಗ್ ಗೇಜ್ ಅಂದರೆ ಇಂಚಿನ 64ನೇ ಭಾಗದ ಲೆಕ್ಕ, ಅಂದರೆ 50 ಅಂದರೆ ಹತ್ತಿರ ಹತ್ತಿರ 20 ಮಿಲಿಮೀಟರ್ ದಪ್ಪ. ಮೊದಲು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಬಂದೆ. ಒಂದು ಕಡೆ ಗಂಟಿನ ಹಾಗೆ ಗಟ್ಟಿಯಿದ್ದರೆ ಅಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಇದರಲ್ಲಿ ಗಂಟಿರಲಿಲ್ಲ. ಒತ್ತಿ ಬಿಟ್ಟರೆ ಹಿಂದಕ್ಕೆ ಬರುತ್ತಿತ್ತು, ಚಟಚಟ ಸದ್ದಿಲ್ಲ. ಹದವಾಗಿದೆ ಅಂತ ಅರ್ಥ.

ಆ ಹದ ತಾನಾಗಿ ಬರುವುದಿಲ್ಲ. ಸಿಗಾರ್ ಇಡುವ ಡಬ್ಬಿಯೊಳಗೆ ತೇವಾಂಶ ಶೇಕಡ 65ರಿಂದ 70, ಬಿಸಿ 18ರಿಂದ 21 ಡಿಗ್ರಿ ಇರಬೇಕು. ಲಿಹೇರೊ ಜಾಸ್ತಿ ಇರುವ ಸಿಗಾರನ್ನು ನಾನು 65ರ ಕಡೆಗೇ ಇಡುತ್ತೇನೆ. ದಪ್ಪ ಎಲೆ ನೀರು ಕುಡಿದರೆ ಉರಿಯುವುದೇ ಇಲ್ಲ. ಬಿಸಿ ಏರಿದರೆ ಇನ್ನೊಂದು ಕಾಟ: ಎಲೆಯೊಳಗೆ ಮಲಗಿದ್ದ ಹೊಗೆಸೊಪ್ಪಿನ ಹುಳದ ಮೊಟ್ಟೆ ಒಡೆಯುತ್ತದೆ, ರ‍್ಯಾಪರ್ ಮೇಲೆ ಸೂಜಿ ಚುಚ್ಚಿದಂಥ ತೂತು ಕಾಣಿಸುತ್ತದೆ.

ಸಿಗಾರ್‌ನ ತಲೆ, ಅಂದರೆ ಬಾಯಿಗಿಡುವ ತುದಿ, ಅದನ್ನು ಮುಚ್ಚಿರುವ ಎಲೆಯ ಟೋಪಿಯನ್ನು ಕತ್ತರಿಸುವಾಗ ಎರಡು ಮಿಲಿಮೀಟರ್ ಸಾಕು. ಟೋಪಿಯ ಅಂಚು ದಾಟಿದರೆ ರ‍್ಯಾಪರ್ ಸುರುಳಿ ಬಿಚ್ಚಿಕೊಂಡು ಬರುತ್ತದೆ. ಫುಲ್ ಸ್ಟ್ರೆಂತ್ ಸಿಗಾರ್‌ಗೆ ಪಂಚ್ ಹಾಕಿ ಸಣ್ಣ ತೂತು ಮಾಡುವುದು ನನಗೆ ಹಿಡಿಸದು. ಜಿಡ್ಡೆಲ್ಲ ಆ ತೂತಿನ ಬಾಯಲ್ಲೇ ಕಟ್ಟಿ, ಅರ್ಧ ದಾರಿಯಲ್ಲಿ ಕಹಿ ಶುರುವಾಗುತ್ತದೆ. ನೇರ ಕತ್ತರಿಯೇ ಒಳ್ಳೆಯದು. ಹಚ್ಚುವ ಮೊದಲು ಒಮ್ಮೆ ಗಾಳಿ ಎಳೆದು ನೋಡಬೇಕು. ನಿನ್ನೆಯದರಲ್ಲಿ ಒಣಹುಲ್ಲು, ಕೋಕೋ, ತುಟಿಗೆ ಸಣ್ಣ ಚುರುಕು. ಆ ಚುರುಕನ್ನು ನಾನು ನಂಬುವುದಿಲ್ಲ. ಅದು ರ‍್ಯಾಪರ್‌ನ ಮಾತು.

ಹಚ್ಚುವುದಕ್ಕೆ ಗ್ಯಾಸ್ ಲೈಟರ್ ಅಥವಾ ಮರದ ಕಡ್ಡಿ. ಪೆಟ್ರೋಲ್ ಲೈಟರ್, ಮೇಣದ ಬತ್ತಿ ಬೇಡ, ವಾಸನೆ ಹಿಡಿಯುತ್ತದೆ. ಜ್ವಾಲೆ ಮುಟ್ಟಿಸದೆ, ತುದಿಯನ್ನು ಅದರ ಮೇಲೆ ತಿರುಗಿಸುತ್ತಾ ಅಂಚು ಕಪ್ಪಾಗುವವರೆಗೆ ಕಾಯಿಸಿ, ಆಮೇಲೆ ಎಳೆಯಬೇಕು. ಅವಸರದಲ್ಲಿ ಸುಟ್ಟರೆ ಮೊದಲ ಐದು ನಿಮಿಷ ಬರೀ ಕಮಟು.

ಇನ್ನು ಎಳೆಯುವುದು. ಹೊಗೆ ಎದೆಗೆ ಹೋಗಬಾರದು. ಸಿಗರೇಟು ಸೇದುವವರಿಗೆ ಇದು ಅರ್ಥವಾಗಲು ಸಮಯ ಹಿಡಿಯುತ್ತದೆ. ಸಿಗರೇಟಿನ ಹೊಗೆ ಆಮ್ಲದ ಕಡೆಗಿರುತ್ತದೆ, ಬಾಯಲ್ಲಿ ಅದರ ನಿಕೋಟಿನ್ ಅಷ್ಟಾಗಿ ಇಳಿಯದು, ಅದಕ್ಕೇ ಎದೆಗೆ ಎಳೆಯುತ್ತಾರೆ. ಸಿಗಾರ್ ಹೊಗೆ ಕ್ಷಾರದ ಕಡೆಗಿರುತ್ತದೆ. ಬಾಯಿಯ ಒಳಪದರದಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ನಿಧಾನ ಸೇರುತ್ತದೆ, ಆದರೆ ಸೇರುತ್ತಲೇ ಇರುತ್ತದೆ. ಸಿಗಾರ್ ಸಣ್ಣದಾದಂತೆ ಕ್ಷಾರ ಗುಣ ಇನ್ನೂ ಏರುತ್ತದೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಜನ ಬೀಳುವುದು ಸುಮ್ನೆ ಅಲ್ಲ.

ನಾನೂ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಬೆಳಿಗ್ಗೆ ತಿಂಡಿ ತಿನ್ನದೆ ಮಾದರಿ ನೋಡಲು ಕೂತೆ. ಮೊದಲಿನದು ನುಣ್ಣಗಿತ್ತು. "ಇದೇನು ಹಗುರ" ಅಂದುಕೊಂಡು ದಮ್ಮಿನ ಮೇಲೆ ದಮ್ಮು ಎಳೆದೆ. ನಲವತ್ತನೇ ನಿಮಿಷಕ್ಕೆ ಅಂಗೈ ತಣ್ಣಗಾಯಿತು. ಬಾಯಲ್ಲಿ ನೀರೂರಿತು, ಹಣೆಯಲ್ಲಿ ಬೆವರು, ಹೊಟ್ಟೆ ತೊಳಸು. ಪಕ್ಕದಲ್ಲಿದ್ದ ಹಿರಿಯರು ನನ್ನ ಮುಖ ನೋಡಿ, "ಕೆಳಗಿಡಪ್ಪ, ಸಾಕು" ಅಂದರು. ಕಿಟಕಿ ತೆಗೆದು ನೀರು ಕೊಟ್ಟರು, ಒಂದು ಚೂರು ಸಕ್ಕರೆಯನ್ನೂ ಕೊಟ್ಟರು. ಸಕ್ಕರೆ ಈ ಕಸುಬಿನವರ ಹಳೆಯ ಮದ್ದು. ನಿಜವಾಗಿ ಕೆಲಸ ಮಾಡಿದ್ದು ಸಿಗಾರ್ ಕೆಳಗಿಟ್ಟದ್ದು ಅಂತ ನನ್ನ ಅಭಿಪ್ರಾಯ. ಅವತ್ತಿನ ಕಾರ್ಡಿನಲ್ಲಿ ಸ್ಟ್ರೆಂತ್ ಅಂಕಣದಲ್ಲಿ ನಾನು ಆಗಲೇ ಐದಕ್ಕೆ 2 ಅಂತ ಬರೆದುಬಿಟ್ಟಿದ್ದೆ. ಆ ಕಾರ್ಡ್ ಇನ್ನೂ ಇಟ್ಟುಕೊಂಡಿದ್ದೇನೆ.

ಹೊಟ್ಟೆಗೆ ಏನಾದರೂ ಬಿದ್ದಿರಬೇಕು, ಪಕ್ಕದಲ್ಲಿ ನೀರಿರಬೇಕು, ನಿಮಿಷಕ್ಕೆ ಒಂದು ದಮ್ಮಿಗಿಂತ ಜಾಸ್ತಿ ಬೇಡ. ಜೋರಾಗಿ ಎಳೆದಷ್ಟೂ ಕೆಂಡ ಕಾಯುತ್ತದೆ, ಕಾದ ಕೆಂಡದಲ್ಲಿ ಎಣ್ಣೆ ಸೀದು ಕಹಿ ಬರುತ್ತದೆ. "ಸ್ಟ್ರಾಂಗ್ ಸಿಗಾರ್ ಕಹಿ" ಅನ್ನುವ ದೂರಿನಲ್ಲಿ ಅರ್ಧಕ್ಕರ್ಧ ಸೇದುವವರ ಅವಸರದ್ದೇ. ನಡುವೆ ಆರಿಹೋದರೆ ತಪ್ಪಲ್ಲ. ಬೂದಿ ತೆಗೆದು, ಒಳಗಿನ ಹಳೆ ಹೊಗೆಯನ್ನು ಹೊರಕ್ಕೆ ಊದಿ, ಮತ್ತೆ ಹಚ್ಚಿ.

ರುಚಿ ಸಿಗುವುದು ಮೂಗಿನಲ್ಲಿ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿ. ಚರ್ಮ, ಕಾಫಿ, ದೇವದಾರು, ಒದ್ದೆ ಮಣ್ಣು, ಇವೆಲ್ಲ ವಾಸನೆಗಳು. ಬಾಯಿ ತುಂಬ ಹೊಗೆ ಹಿಡಿದು, ಮುಕ್ಕಾಲು ಭಾಗ ಬಾಯಿಂದ ಬಿಟ್ಟುಬಿಡಿ. ತುಟಿ ಮುಚ್ಚಿ ಉಳಿದ ಕಾಲು ಭಾಗವನ್ನು ಮೂಗಿನಿಂದ ಮೆಲ್ಲಗೆ ಹೊರಗೆ ಬಿಡಿ. ಪೂರ್ತಿ ಬಿಟ್ಟರೆ ಕಣ್ಣಲ್ಲಿ ನೀರು ಗ್ಯಾರಂಟಿ. ಪ್ರತಿ ದಮ್ಮಿಗೂ ಬೇಡ, ಐದಕ್ಕೊಂದು ಸಾಕು.

ನಿನ್ನೆಯ ಸಿಗಾರ್‌ನ ಮೊದಲ ಭಾಗದಲ್ಲಿ ಮೂಗಿಗೆ ಕಾಳುಮೆಣಸು ಬಡಿಯಿತು. ಎದುರು ಕೂತ ಹುಡುಗ, "ಸರ್, ಇದು ಐದಕ್ಕೆ ಐದು ಅಲ್ವಾ?" ಅಂದ. "ತಡಿಯಪ್ಪ" ಅಂದೆ. ಎರಡನೇ ಭಾಗಕ್ಕೆ ಮೆಣಸು ಹಿಂದೆ ಸರಿದು ಹುರಿದ ಬೀಜದ ಪರಿಮಳ, ಅದರ ಬೆನ್ನಿಗೆ ಕಡು ಚಾಕೊಲೇಟಿನ ಒಗರು. ಹೊಗೆ ಮಂದವಾಯಿತು. ಇದೇ ನನಗೆ ಇಷ್ಟದ ಜಾಗ. ಒಳ್ಳೆಯ ಫುಲ್ ಸ್ಟ್ರೆಂತ್ ಸಿಗಾರ್‌ನಲ್ಲಿ ಪವರ್ ಇದೆ ಅನ್ನುವುದೇ ಈ ಭಾಗದಲ್ಲಿ ಮರೆತುಹೋಗಬೇಕು. ನೆನಪಾಗುತ್ತಲೇ ಇದ್ದರೆ ಮಿಶ್ರಣ ಮಾಡಿದವರು ಸೆಕೊ ಕಡಿಮೆ ಹಾಕಿದ್ದಾರೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಒಂದು ಸಿಗರೇಟಿನಲ್ಲಿ ಇರುವ ಹೊಗೆಸೊಪ್ಪು 1 ಗ್ರಾಂಗಿಂತ ಕಡಿಮೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಇರಬಹುದು, ಅದರ ನಿಕೋಟಿನ್ 100ರಿಂದ 200 ಮಿಲಿಗ್ರಾಂ. ಎಲ್ಲವೂ ರಕ್ತಕ್ಕೆ ಹೋಗದು, ಸರಿ. ಆದರೆ ಎದೆಗೆ ಎಳೆಯುವುದಿಲ್ಲ ಅಂದಮಾತ್ರಕ್ಕೆ ಅಪಾಯ ಇಲ್ಲ ಅನ್ನುವುದು ಶುದ್ಧ ಸುಳ್ಳು. ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗಾರೂ ಕಾರಣ, ಚಟವೂ ಹತ್ತುತ್ತದೆ. ಸೇದದವರಿಗೆ ಶುರುಮಾಡಿ ಅಂತ ನಾನು ಯಾವತ್ತೂ ಹೇಳಿಲ್ಲ. ನನ್ನ ಬಾಯಿಯನ್ನು ವರ್ಷಕ್ಕೆರಡು ಸಲ ದಂತವೈದ್ಯರಿಗೆ ತೋರಿಸುತ್ತೇನೆ. ಅದೂ ಈ ಕಸುಬಿನ ಖರ್ಚೇ.

ಮೂರನೇ ಭಾಗಕ್ಕೆ ಬಂದಾಗ ಮೇಜು ತಣ್ಣಗಾಗಿತ್ತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದ್ದರು. ಐದಕ್ಕೆ ಐದು ಅಂದಿದ್ದ ಹುಡುಗ ಎರಡನೇ ಲೋಟ ನೀರು ಕುಡಿಯುತ್ತಿದ್ದ. ಹೊಗೆ ಬಿಸಿಯಾಗತೊಡಗಿತು, ಚಾಕೊಲೇಟ್ ಹೋಗಿ ಇದ್ದಿಲು ಬಂತು. ಎರಡು ಬೆರಳಗಲ ಉಳಿದಾಗ ಕೆಳಗಿಟ್ಟೆ. ಸಿಗರೇಟಿನ ಹಾಗೆ ಒತ್ತಿ ಆರಿಸಬಾರದು, ಕೋಣೆಯೆಲ್ಲ ನಾರುತ್ತದೆ. ಸುಮ್ನೆ ಬಿಟ್ಟರೆ ತಾನೇ ಆರುತ್ತದೆ. ಕಾರ್ಡಿನಲ್ಲಿ ಘಾಟು, ಬಾಡಿ, ಫ್ಲೇವರ್ ತುಂಬಿಸಿ ಸ್ಟ್ರೆಂತ್ ಜಾಗ ಖಾಲಿ ಬಿಟ್ಟೆ. ಹತ್ತು ನಿಮಿಷ ಕೂತೆ. ಆಮೇಲೆ ಎದ್ದು ನಿಂತು, ಕಿಟಕಿಯವರೆಗೆ ನಡೆದು, ಚೌಕಟ್ಟು ಹಿಡಿದುಕೊಳ್ಳದೆ ವಾಪಸ್ ಬಂದೆ. ನಾಲ್ಕು ಅಂತ ಬರೆದೆ. ಹುಡುಗ ಇನ್ನೂ ಎದ್ದಿರಲಿಲ್ಲ.