ಫೈಲ್ ಡಿಸ್ಕ್ರಿಪ್ಟರ್ ಲೀಕ್ ಅಂದ್ರೆ ಏನು?

ಸರ್ವರ್ ಮೂರ್ನಾಲ್ಕು ದಿನ ಚೆನ್ನಾಗೇ ಓಡ್ತಿರತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಹೊಸ ಕನೆಕ್ಷನ್ ಒಂದೂ ತಗೊಳಲ್ಲ, ಲಾಗ್ ತುಂಬಾ 'ಟೂ ಮೆನಿ ಓಪನ್ ಫೈಲ್ಸ್' ಅಂತ ಬರತ್ತೆ. ನಾವು ಫೈಲೇ ಓಪನ್ ಮಾಡಿಲ್ವಲ್ಲ ಅಂತ ಸುಮಾರು ಜನ ಇಲ್ಲೇ ದಾರಿ ತಪ್ಪೋದು. ಲಿನಕ್ಸಲ್ಲಿ ಸಾಕೆಟ್ಟೂ (ನೆಟ್‌ವರ್ಕ್ ಕನೆಕ್ಷನ್ನಿನ ನಮ್ಮ ಕಡೆ ತುದಿ) ಫೈಲೂ ಪೈಪೂ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಹೋಗೋ ದಾರಿ) ಎಲ್ಲ ಒಂದೇ ಲೆಕ್ಕ, ಯಾವುದು ಓಪನ್ ಮಾಡಿದ್ರೂ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಂದು ನಂಬರ್ ಕೊಡತ್ತೆ, ಆ ನಂಬರೇ ಫೈಲ್ ಡಿಸ್ಕ್ರಿಪ್ಟರ್.

ದೇವಸ್ಥಾನದ ಹತ್ರ ಚಪ್ಪಲಿ ಬಿಟ್ರೆ ಟೋಕನ್ ಕೊಡ್ತಾರಲ್ಲ, ಹಂಗೆ. ಚಪ್ಪಲಿ ಅವ್ರ ಹತ್ರ, ನಮ್ಮ ಕೈಲಿ ಬರೀ ನಂಬರ್. 0, 1, 2 ಮೊದ್ಲೇ ಇನ್‌ಪುಟ್, ಔಟ್‌ಪುಟ್, ಎರರ್‌ಗೆ ಹೋಗಿರತ್ತೆ, ಆಮೇಲೆ ಖಾಲಿ ಇರೋದ್ರಲ್ಲಿ ಎಲ್ಲಕ್ಕಿಂತ ಚಿಕ್ಕದು ನಮಗೆ ಸಿಗತ್ತೆ. ಒಂದು ಪ್ರೋಸೆಸ್‌ಗೆ (ಓಡ್ತಿರೋ ಪ್ರೋಗ್ರಾಂಗೆ) ಇಷ್ಟೇ ಅಂತ ಮಿತಿ ಇದೆ, ಎಷ್ಟೋ ಕಡೆ 1024. ಕ್ಲೋಸ್ ಮಾಡಿದ್ರೆ ಟೋಕನ್ ವಾಪಸ್, ಮರೆತ್ರೆ ಅದೇ ಲೀಕ್.

ನಾನು ಒಂದ್ಸಲ ಎರಡು ದಿನ ಹುಡುಕಿದೀನಿ. ಫಂಕ್ಷನ್ ಕೊನೇಲಿ ಕ್ಲೋಸ್ ನೀಟಾಗಿ ಇತ್ತು, ಆದ್ರೆ ಮಧ್ಯದಲ್ಲಿ ಟೈಮ್‌ಔಟ್ ಆದ್ರೆ ಎರರ್ ರಿಟರ್ನ್ ಮಾಡೋ ಒಂದು ಸಾಲು, ಅಲ್ಲಿಂದ ಹೊರಗೆ ಹೋದ್ರೆ ಸಾಕೆಟ್ ಅಲ್ಲೇ ಉಳಿಯೋದು. ನೆಟ್‌ವರ್ಕ್ ಚೆನ್ನಾಗಿರೋವಾಗ ಗೊತ್ತೇ ಆಗಲ್ಲ, ದಿನಕ್ಕೆ ಹತ್ತಿಪ್ಪತ್ತು ಟೈಮ್‌ಔಟ್ ಆಗ್ತಾ ಆಗ್ತಾ ಒಂದಿನ ಟೋಕನ್ ಖಾಲಿ.

ಹಿಡಿಯೋದು ಹೇಗೆ? ಓಡ್ತಿರೋ ಪ್ರೋಸೆಸ್‌ಗಳ ವಿವರ ಇರೋ ಪ್ರೋಕ್ (/proc) ಡೈರೆಕ್ಟರಿ ಒಳಗೆ ಆ ಪ್ರೋಸೆಸ್‌ನ ಎಫ್‌ಡಿ ಫೋಲ್ಡರಲ್ಲಿ ಎಷ್ಟು ಎಂಟ್ರಿ ಇದೆ ಅಂತ ಗಂಟೆಗೊಮ್ಮೆ ಎಣಿಸಿ. ಲೋಡ್ ಇಳಿದ್ಮೇಲೂ ಲೆಕ್ಕ ಇಳೀದೆ ಏರ್ತಾನೇ ಇದ್ರೆ ಲೀಕ್ ಅಂತ್ಲೇ ಅನುಮಾನ ಪಡಿ. ಜೊತೆಗೆ ಸಾಕೆಟ್‌ಗಳ ಪಟ್ಟಿ ತೋರಿಸೋ ಎಸ್‌ಎಸ್ ಕಮಾಂಡಲ್ಲಿ ಕ್ಲೋಸ್-ವೇಟ್ ಸ್ಥಿತಿ ನೋಡಿ. ಆ ಕಡೆಯವ್ರು ಕನೆಕ್ಷನ್ ಮುಗಿಸಿದಾರೆ, ನಮ್ಮ ಪ್ರೋಗ್ರಾಂ ಇನ್ನೂ ಕ್ಲೋಸ್ ಮಾಡಿಲ್ಲ ಅಂತ ಅದರರ್ಥ. ಟೈಮ್-ವೇಟ್ ಬೇರೆ, ನಾವೇ ಮೊದ್ಲು ಮುಚ್ಚಿದ ಕನೆಕ್ಷನ್ ಸ್ವಲ್ಪ ಹೊತ್ತು ಕಾಯೋ ಸ್ಥಿತಿ ಅದು, ಲಿನಕ್ಸಲ್ಲಿ 60 ಸೆಕೆಂಡಿಗೆ ತಾನೇ ಹೋಗತ್ತೆ, ಕ್ಲೋಸ್-ವೇಟ್‌ಗೆ ಅಂಥ ಗಡುವೇ ಇಲ್ಲ, ನಾವು ಬಿಡೋವರೆಗೂ ಕೂತಿರತ್ತೆ. ದಯವಿಟ್ಟು ಇವೆರಡನ್ನ ಒಂದೇ ಅಂದ್ಕೋಬೇಡಿ.

ಯೂಲಿಮಿಟ್, ಅಂದ್ರೆ ಮೇಲೆ ಹೇಳಿದ ಆ 1024ರ ಥರದ ಮಿತಿ, ಜಾಸ್ತಿ ಮಾಡಿದ್ರೆ ಸರಿಹೋಗತ್ತೆ ಅಂತಾರೆ. ನಿಜವಾಗ್ಲೂ ಸಾವಿರಾರು ಕನೆಕ್ಷನ್ ಬೇಕಿದ್ರೆ ಸರಿ, ಲೀಕ್ ಇದ್ರೆ ಮಾತ್ರ ಇವತ್ತು ಬೀಳೋದು ಮುಂದಿನ ವಾರ ಬೀಳತ್ತೆ ಅಷ್ಟೇ. ಪೈಥಾನಲ್ಲಿ ವಿತ್, ಜಾವಾದಲ್ಲಿ ಟ್ರೈ-ವಿತ್-ರಿಸೋರ್ಸಸ್, ಗೋದಲ್ಲಿ ಡಿಫರ್ ಇರೋದೇ ಇದಕ್ಕೆ, ಯಾವ ದಾರಿಲಿ ಹೊರಗೆ ಹೋದ್ರೂ ಕ್ಲೋಸ್ ಆಗ್ಲಿ ಅಂತ. ನನ್ನ ಕೋಡಲ್ಲೂ ವಿತ್ ಹಾಕಿದ್ಮೇಲೆ ಹಗಲು ಲೆಕ್ಕ ನೂರರ ಹತ್ರ ಹೋಗಿ ರಾತ್ರಿ ಮೂವತ್ತಕ್ಕೆ ಇಳೀತು.