ಯು/ಎ 16+ ಎಂದಿರುವ ಸೀರೀಸನ್ನು ಒಂಬತ್ತನೇ ಕ್ಲಾಸಿನ ಮಗಳು ನೋಡಬಹುದೇ?

ಪ್ರಶ್ನೆ: ನಾವು ಉಡುಪಿಯವರು. ಮಗಳಿಗೆ ಹದಿನಾಲ್ಕು ವರ್ಷ, ಮಗನಿಗೆ ಒಂಬತ್ತು. "ಅಮ್ಮಾ, ಕ್ಲಾಸಲ್ಲಿ ಎಲ್ರೂ ನೋಡಿ ಆಯ್ತು, ನಾನೊಬ್ಳೇ ಬಾಕಿ. ಅದ್ರಲ್ಲಿ ಎಂಥದ್ದೂ ಇಲ್ಲ" ಎಂದು ಮಗಳು ಒಂದು ಕ್ರೈಂ ಸೀರೀಸಿಗೆ ಹಟ ಹಿಡಿದಿದ್ದಾಳೆ. ಪರದೆಯಲ್ಲಿ ಯು/ಎ 16+ ಎಂದು ಬರುತ್ತದೆ. ಬಿಡಬಹುದೇ?

ಉತ್ತರ: ಬಿಡಬಾರದೆಂದು ಆ ಸಂಖ್ಯೆ ಹೇಳುವುದಿಲ್ಲ. ಆದರೆ ನೀವು ಮೊದಲು ಮೂರು ಎಪಿಸೋಡ್ ನೋಡಿ, ಆಮೇಲೆ ಹೂಂ ಅನ್ನಿ. ಯಾವ ಮೂರು ಎಂಬುದೇ ಇಲ್ಲಿ ಮುಖ್ಯ.

ಮೊದಲು ಸಂಖ್ಯೆಯ ಲೆಕ್ಕ ಮುಗಿಸೋಣ. 2021ರ ಫೆಬ್ರವರಿಯಲ್ಲಿ ಬಂದ ಐಟಿ ನಿಯಮಗಳ ಪ್ರಕಾರ ಒಟಿಟಿಯಲ್ಲಿ ಐದು ವರ್ಗಗಳಿವೆ: ಯು, ಯು/ಎ 7+, ಯು/ಎ 13+, ಯು/ಎ 16+ ಮತ್ತು ಎ. ಯು/ಎ 16+ ಎಂದರೆ ಹದಿನಾರು ದಾಟಿದವರಿಗೆ ತಕ್ಕದ್ದು, ಅದಕ್ಕಿಂತ ಚಿಕ್ಕವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದು. ಎ ವಯಸ್ಕರಿಗೆ ಮಾತ್ರ. ಹದಿನಾಲ್ಕರವರ ವಿಷಯದಲ್ಲಿ ಅಲ್ಲಿಗೆ ಮಾತು ಮುಗಿಯಿತು, ಕ್ಲಾಸಿನಲ್ಲಿ ಎಷ್ಟೇ ಜನ ನೋಡಿದ್ದರೂ ಸರಿ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. ಥಿಯೇಟರಿಗೆ ಬರುವ ಸಿನಿಮಾಕ್ಕೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಇರುತ್ತದೆ. ವೆಬ್ ಸೀರೀಸಿಗೆ ವರ್ಗ ಕೊಡುವುದು ಅದನ್ನು ಪ್ರಸಾರ ಮಾಡುವ ಕಂಪನಿಯೇ.

ಎಪಿಸೋಡ್ ಶುರುವಾದಾಗ ಮೂಲೆಯಲ್ಲಿ ಕೆಲವು ಸೆಕೆಂಡು ನಿಲ್ಲುವ ಬರಹದಲ್ಲಿ ಸಂಖ್ಯೆಗಿಂತ ಅದರ ಜತೆಗಿರುವ ಶಬ್ದಗಳಿಗೇ ಹೆಚ್ಚು ಬೆಲೆ. ವಯಲೆನ್ಸ್, ಸೆಕ್ಸ್, ಸಬ್‌ಸ್ಟೆನ್ಸಸ್, ಲ್ಯಾಂಗ್ವೇಜ್ ಹೀಗೆ. ಲ್ಯಾಂಗ್ವೇಜ್ ಎಂದರೆ ಇಂಗ್ಲಿಷ್, ಹಿಂದಿ ಎಂದಲ್ಲ, ಬೈಗುಳ ಎಂದರ್ಥ. ಸಬ್‌ಸ್ಟೆನ್ಸಸ್ ಎಂದರೆ ಡ್ರಗ್ಸ್, ಕುಡಿತ, ಸಿಗರೇಟು. ಬರೀ ಬೈಗುಳಕ್ಕಾಗಿ 16+ ಆದ ಸೀರೀಸ್ ಇರುತ್ತದೆ, ಲೈಂಗಿಕ ದೌರ್ಜನ್ಯಕ್ಕಾಗಿ 16+ ಆದದ್ದೂ ಇರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಕ್ಕಾಗುವುದಿಲ್ಲ. ಶಾಲೆಯ ಬಸ್ಸಿನಲ್ಲಿ ದಿನಾ ಕಿವಿಗೆ ಬೀಳುವ ಮಾತಿಗೆ ಸೀರೀಸ್ ನಿಲ್ಲಿಸಿ ಪ್ರಯೋಜನವಿಲ್ಲ.

ಇನ್ನೂ ವಿವರ ಬೇಕಾದರೆ ಸಿನಿಮಾ, ಸೀರೀಸುಗಳ ಮಾಹಿತಿ ಕೊಡುವ ಐಎಂಡಿಬಿ ತಾಣದಲ್ಲಿ ಆ ಸೀರೀಸಿನ ಪುಟ ತೆರೆದು 'ಪೇರೆಂಟ್ಸ್ ಗೈಡ್' ಹುಡುಕಿ. ಲೈಂಗಿಕತೆ, ಹಿಂಸೆ, ಬೈಗುಳ, ಮಾದಕ ವಸ್ತು, ಭಯ ಎಂಬ ಐದು ಭಾಗಗಳಿರುತ್ತವೆ. ಪ್ರತಿಯೊಂದಕ್ಕೂ ಎಷ್ಟು ತೀವ್ರ ಎಂಬ ಗುರುತು, ಕೆಳಗೆ ನೋಡಿದವರು ಬರೆದ ದೃಶ್ಯಗಳ ವಿವರ. ಕಾಮನ್ ಸೆನ್ಸ್ ಮೀಡಿಯಾ ತಾಣದಲ್ಲಿ ಹೆತ್ತವರು ಹೇಳುವ ವಯಸ್ಸು ಒಂದು ಕಡೆ, ಮಕ್ಕಳೇ ಹೇಳುವ ವಯಸ್ಸು ಇನ್ನೊಂದು ಕಡೆ ಇರುತ್ತದೆ. ಬರೆಯುವವರಲ್ಲಿ ಹೆಚ್ಚಿನವರು ಅಮೆರಿಕದವರು. ಅವರಿಗೆ ಮಾಮೂಲಾದ ಡೇಟಿಂಗ್ ನಮ್ಮಲ್ಲಿ ಮಾತಾಡಬೇಕಾದ ವಿಷಯವಾಗಬಹುದು. ಹಾಗಾಗಿ ಅಲ್ಲಿನ ವಯಸ್ಸನ್ನು ಬಿಟ್ಟು ದೃಶ್ಯಗಳ ಪಟ್ಟಿಯನ್ನಷ್ಟೇ ತೆಗೆದುಕೊಳ್ಳಿ.

ಈಗ ಮೂರು ಎಪಿಸೋಡ್. ಐವತ್ತು ನಿಮಿಷದ ಎಂಟು ಎಪಿಸೋಡ್ ಎಂದರೆ ಆರು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಹೆಚ್ಚಿನ ಹೆತ್ತವರು ಮೊದಲನೆಯದನ್ನು ಮಾತ್ರ ನೋಡಿ "ತೊಂದರೆ ಇಲ್ಲ" ಅನ್ನುತ್ತಾರೆ. ತಪ್ಪುವುದು ಇಲ್ಲೇ. ಮೊದಲ ಎಪಿಸೋಡಿನ ಕೆಲಸ ಜನರನ್ನು ಹಿಡಿದು ಕೂರಿಸುವುದು, ಭಾರದ ದೃಶ್ಯಗಳು ಸಾಮಾನ್ಯವಾಗಿ ಕೊನೆಯ ಎರಡರಲ್ಲಿ ಬರುತ್ತವೆ. ಮೊದಲನೆಯದು, ಪೇರೆಂಟ್ಸ್ ಗೈಡಿನಲ್ಲಿ ಅತಿ ಹೆಚ್ಚು ದೂರು ಇರುವುದು, ಕೊನೆಯದು: ಈ ಮೂರು ಸಾಕು. ಮಗಳು ಕೇಳುವ ಭಾಷೆಯಲ್ಲೇ ನೋಡಿ. ನೀವು ಡಬ್ಬಿಂಗ್‌ನಲ್ಲಿ ನೋಡಿ, ಅವಳು ಮೂಲ ಇಂಗ್ಲಿಷಿನಲ್ಲಿ ನೋಡಿದರೆ ಇಬ್ಬರೂ ಕೇಳಿದ್ದು ಬೇರೆ ಬೇರೆ. ಡಬ್ಬಿಂಗ್‌ನಲ್ಲಿ ಬೈಗುಳದ ಮೊನಚು ಎಷ್ಟೋ ಸಲ ಇಳಿದಿರುತ್ತದೆ.

ನೋಡುವಾಗ ರಕ್ತ ಎಷ್ಟು ಹರಿಯಿತು ಎಂದು ಅಳೆಯುವುದಕ್ಕಿಂತ ಅದನ್ನು ಹೇಗೆ ತೋರಿಸಿದ್ದಾರೆ ಎಂದು ಗಮನಿಸಿ. ಯಕ್ಷಗಾನದ ದೇವಿಮಹಾತ್ಮೆ ಆಟದಲ್ಲಿ ಮಹಿಷಾಸುರ ದೊಂದಿ ಹಿಡಿದು ಜನರ ಮಧ್ಯದಿಂದಲೇ ಬರುತ್ತಾನೆ. ಎದುರು ಕೂತ ಮಗು ಹೆದರಿ ಅಜ್ಜಿಯ ಸೆರಗು ಹಿಡಿಯುತ್ತದೆ, ಮರುದಿನ ಅಂಗಳದಲ್ಲಿ ತಾನೇ ಮಹಿಷಾಸುರ ಆಗುತ್ತದೆ. ಕಿರೀಟ, ಬಣ್ಣ, ಚೆಂಡೆ ಎಲ್ಲವೂ 'ಇದು ವೇಷ' ಎಂದು ಹೇಳುತ್ತಿರುತ್ತವೆ. ಸೀರೀಸಿನಲ್ಲಿ ಆ ವೇಷ ಇಲ್ಲ. ತನ್ನದೇ ವಯಸ್ಸಿನ ಹುಡುಗಿ, ತನ್ನದರಂತಹ ಸಮವಸ್ತ್ರ, ತನ್ನ ಮನೆಯಂತಹ ಬಾತ್‌ರೂಮ್. ಏಟು ಬಿದ್ದವರ ಗತಿ ಏನಾಯಿತು ಎಂದು ಕತೆ ತಿರುಗಿ ನೋಡುತ್ತದೆಯೇ? ಹುಡುಗಿ ಬೇಡ ಅಂದ ಮೇಲೂ ಹಿಂಬಾಲಿಸುವವನು ಕೊನೆಗೆ ನಾಯಕನಾಗುತ್ತಾನೆಯೇ? ಕ್ಯಾಮೆರಾ ಯಾರ ಪರ ನಿಂತಿದೆ ಎಂದು ಇಷ್ಟರಲ್ಲೇ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಆತ್ಮಹತ್ಯೆ ಅಥವಾ ಸ್ವಂತಕ್ಕೆ ಗಾಯ ಮಾಡಿಕೊಳ್ಳುವ ದೃಶ್ಯದಲ್ಲಿ ವಿಧಾನವನ್ನೇ ಬಿಡಿಸಿ ತೋರಿಸಿದ್ದರೆ, ಆ ಸೀರೀಸ್ ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ಈಗ ಬೇಡ. ವಿಧಾನ ತೋರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ, ನಾಟಕದವರಿಗಾಗಿಯೇ ಕೈಪಿಡಿ ಹೊರತಂದಿತು. ಹೈಸ್ಕೂಲ್ ಹುಡುಗಿಯ ಕತೆಯಿದ್ದ 'ಥರ್ಟೀನ್ ರೀಸನ್ಸ್ ವೈ' 2017ರಲ್ಲಿ ಬಂತು. ಮೊದಲ ಸೀಸನ್ನಿನ ಕೊನೆಯ ಎಪಿಸೋಡಿನಲ್ಲಿದ್ದ ಅಂತಹ ದೃಶ್ಯವನ್ನು ನೆಟ್‌ಫ್ಲಿಕ್ಸ್ ತೆಗೆದದ್ದು 2019ರ ಜುಲೈಯಲ್ಲಿ. ಮೊದಲ ಎಪಿಸೋಡ್ ಮಾತ್ರ ನೋಡಿ ಒಪ್ಪಿದವರಿಗೆ ಅದು ಕಂಡಿರಲಿಕ್ಕಿಲ್ಲ. ಮಗು ಇತ್ತೀಚೆಗೆ ಗೆಳೆಯರನ್ನೋ ಮನೆಯವರನ್ನೋ ಕಳೆದುಕೊಂಡಿದ್ದರೆ, ಅಂಕ ಕಡಿಮೆಯಾಗಿ ಕುಗ್ಗಿದ್ದರೆ, ಶಾಲೆಯಲ್ಲಿ ಕಾಟ ಅನುಭವಿಸುತ್ತಿದ್ದರೆ 13+ ಎಂದಿರುವುದೂ ಭಾರವಾಗಬಹುದು. ಪಕ್ಕದ ಮನೆಯ ಹದಿನಾಲ್ಕರ ಹುಡುಗ ನೋಡಿ ನಕ್ಕದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಲಾಕ್ ಬಗ್ಗೆ ಸ್ವಲ್ಪ. 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೇರೆಂಟಲ್ ಲಾಕ್ ಕೊಡಬೇಕೆಂದು ನಿಯಮವೇ ಉಂಟು. ನೆಟ್‌ಫ್ಲಿಕ್ಸಿನಲ್ಲಾದರೆ ಬ್ರೌಸರಿನಲ್ಲಿ ಅಕೌಂಟ್ ತೆರೆದು, ಮಗಳ ಪ್ರೊಫೈಲ್ ಒತ್ತಿ, ಪೇರೆಂಟಲ್ ಕಂಟ್ರೋಲ್ಸ್‌ನಲ್ಲಿ ವಯಸ್ಸಿನ ಮಿತಿ ಇಡಿ. ಒಂದೇ ಸೀರೀಸನ್ನು ಹೆಸರು ಹಾಕಿ ತಡೆಯಲಿಕ್ಕೂ ಆಗುತ್ತದೆ. ಇಷ್ಟು ಮಾಡಿ ಎಲ್ಲರೂ ಮರೆಯುವುದು ತಮ್ಮ ಪ್ರೊಫೈಲಿಗೆ ಬೀಗ ಹಾಕುವುದನ್ನು. ಮಗಳ ಕೋಣೆಗೆ ಬೀಗ, ಅಪ್ಪನ ಕೋಣೆ ತೆರೆದೇ ಇದೆ ಎಂದ ಹಾಗೆ. ನಾಲ್ಕಂಕಿಯ ಪಿನ್ ದೊಡ್ಡವರ ಎಲ್ಲ ಪ್ರೊಫೈಲುಗಳಿಗೂ ಬೇಕು. ಹೊಸ ಪ್ರೊಫೈಲ್ ಸೇರಿಸಲಿಕ್ಕೂ ಪಿನ್ ಕೇಳುವಂತೆ ಗುರುತು ಹಾಕಿ, ಇಲ್ಲವಾದರೆ ಎರಡೇ ನಿಮಿಷದಲ್ಲಿ 'ಗೆಸ್ಟ್' ಹುಟ್ಟುತ್ತಾನೆ. ಹುಟ್ಟಿದ ವರ್ಷವನ್ನೋ ಸ್ಕೂಟರಿನ ನಂಬರನ್ನೋ ಪಿನ್ ಮಾಡಬೇಡಿ.

ನಮ್ಮ ಕಡೆಯ ಇನ್ನೊಂದು ತೊಡಕು ಗಲ್ಫ್. ಅಕೌಂಟ್ ದುಬೈಯಲ್ಲಿರುವ ಅಪ್ಪನದೋ ಮಾವನದೋ ಆಗಿದ್ದರೆ ಪೇರೆಂಟಲ್ ಕಂಟ್ರೋಲ್ಸ್‌ಗೆ ಬೇಕಾದ ಪಾಸ್‌ವರ್ಡ್ ಅವರ ಹತ್ತಿರ, ಒಟಿಪಿ ಹೋಗುವುದೂ ಅವರ ಫೋನಿಗೆ. ಶುಕ್ರವಾರವೋ ಭಾನುವಾರವೋ ಅವರಿಗೆ ಬಿಡುವಾದಾಗ ವಿಡಿಯೋ ಕಾಲ್‌ನಲ್ಲಿ ಕೂತು ಹತ್ತು ನಿಮಿಷದಲ್ಲಿ ಮುಗಿಸಿ. ಜೂನ್ ಬರುವ ಮೊದಲೇ ಆದರೆ ಒಳ್ಳೆಯದು. ಜೋರು ಮಳೆಗೆ ಡಿಸಿ ಬೆಳಿಗ್ಗೆ ರಜೆ ಘೋಷಿಸುತ್ತಾರೆ, ಹೆತ್ತವರು ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು, ಟಿವಿ ಮತ್ತು ರಿಮೋಟ್ ಮನೆಯಲ್ಲಿ ಉಳಿಯುತ್ತವೆ. ಲಾಕ್ ಹಾಕಿದ ಮೇಲೂ ಕತ್ತರಿಸಿದ ತುಣುಕುಗಳು ರೀಲ್ಸ್‌ನಲ್ಲಿ, ಮೆಸೇಜಿಂಗ್ ಆ್ಯಪ್‌ನ ಗುಂಪುಗಳಲ್ಲಿ ಬರುತ್ತವೆ. ಅಲ್ಲಿ 16+ ಎಂಬ ಗುರುತೂ ಇರುವುದಿಲ್ಲ. ಆದ್ದರಿಂದ ಲಾಕ್ ಹಾಕಿದ್ದನ್ನು ಮಗಳಿಗೆ ಹೇಳಿಯೇ ಹಾಕಿ.

ಬೇಡ ಎನ್ನುವುದಾದರೆ ಕಾರಣ ಒಂದೇ ಇರಲಿ. ದೃಶ್ಯ ಭಾರವಾಗಿದೆ ಎಂಬುದು ನಿಜವಾದ ಕಾರಣವಾಗಿರುವಾಗ "ಪರೀಕ್ಷೆ ಉಂಟಲ್ಲ" ಎಂದರೆ, ಪರೀಕ್ಷೆ ಮುಗಿದ ಸಂಜೆಯೇ ಅವಳು ರಿಮೋಟ್ ಹಿಡಿದು ಬರುತ್ತಾಳೆ. ಆಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. "ಆರನೇ ಎಪಿಸೋಡಿನ ಇಂತಹ ದೃಶ್ಯ ನನಗೇ ಕಷ್ಟವಾಯಿತು, ಎಸ್ಸೆಸ್ಸೆಲ್ಸಿ ಆದ ಮೇಲೆ ಮತ್ತೆ ಕೇಳು" ಎನ್ನಿ. ನೀವು ನಿಜವಾಗಿ ನೋಡಿದ್ದೀರಿ ಎಂದು ಆಗ ಅವಳಿಗೆ ಗೊತ್ತಾಗುತ್ತದೆ.

ಸರಿ ಎಂದರೆ ಸಂಜೆಗೆ ಒಂದೇ ಎಪಿಸೋಡ್, ಆಟೋಪ್ಲೇ ಬಂದ್. ಪ್ರತಿ ಎಪಿಸೋಡಿನ ಕೊನೆಯಲ್ಲೂ ಒಂದು ಗಂಟು ಬಿಗಿದು ಬಿಟ್ಟಿರುತ್ತಾರೆ, ಅಲ್ಲಿ ನಿಲ್ಲಿಸಿದರೆ ನಿದ್ದೆಯೂ ಇಲ್ಲ, ಜಗಳ ಬೇರೆ. ಮುಂದಿನದರ ಮೊದಲ ಹತ್ತು ನಿಮಿಷ ನೋಡಿ ಗಂಟು ಬಿಚ್ಚಿದ ಮೇಲೆ ನಿಲ್ಲಿಸಿ. ನಡುನಡುವೆ ಪಾಜ್ ಒತ್ತಿ ಬುದ್ಧಿ ಹೇಳಿದರೆ ಮರುದಿನ ನಿಮ್ಮ ಜತೆ ಕೂರುವುದಿಲ್ಲ. ಮಾತು ಊಟದ ಹೊತ್ತಿಗೆ ಇರಲಿ, "ಅವನು ಪೊಲೀಸರಿಗೆ ಯಾಕೆ ಹೇಳಲಿಲ್ಲ?" ಎಂಬಷ್ಟೇ ಸಣ್ಣ ಪ್ರಶ್ನೆ ಸಾಕು. ನಿದ್ದೆ ಕೆಡುವುದು, ಒಬ್ಬಳೇ ಮಲಗಲು ಒಲ್ಲೆ ಎನ್ನುವುದು, ಊಟ ಸೇರದಿರುವುದು ಎರಡು ವಾರ ದಾಟಿದರೆ ಸೀರೀಸ್ ನಿಲ್ಲಿಸಿದರಷ್ಟೇ ಸಾಲದು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು.

ವರ್ಗವೇ ತಪ್ಪಾಗಿದೆ ಅನ್ನಿಸಿದರೆ ಆ ಒಟಿಟಿಯ ಕುಂದುಕೊರತೆ ಅಧಿಕಾರಿಗೆ ಎಪಿಸೋಡ್ ಸಂಖ್ಯೆ, ನಿಮಿಷ ಸಮೇತ ಬರೆಯಿರಿ. 15 ದಿನದೊಳಗೆ ಅವರು ತೀರ್ಮಾನ ತಿಳಿಸಬೇಕು.

ಉಳಿದದ್ದು ನಿಮ್ಮ ಒಂಬತ್ತು ವರ್ಷದ ಮಗ. ಟಿವಿ ಹಾಲ್‌ನಲ್ಲಿದ್ದರೆ ಅಲ್ಲಿ ಕೂತವರಲ್ಲಿ ಅತಿ ಚಿಕ್ಕವರ ವಯಸ್ಸೇ ಲೆಕ್ಕ. ಅವನು ಮಲಗಿದ ಮೇಲೆ ಹಾಕಿ, ಆದರೆ ಶಬ್ದ ತಗ್ಗಿಸಿ. ಚಿತ್ರ ಕಾಣದೆ ಬಾಗಿಲಾಚೆಯಿಂದ ಕಿರುಚಾಟ ಮಾತ್ರ ಕೇಳುವ ಮಗು ಉಳಿದದ್ದನ್ನು ತಾನೇ ಕಲ್ಪಿಸಿಕೊಳ್ಳುತ್ತದೆ, ಅದು ಸೀರೀಸಿಗಿಂತ ಭಯಂಕರವಾಗಿರುತ್ತದೆ.