ಸಾಸೇಜು ದಾಟಲಾಗದ ಸಮುದ್ರ: ಬ್ರೆಕ್ಸಿಟ್ ಗಂಟು ಉತ್ತರ ಐರ್ಲೆಂಡಿನಲ್ಲಿ ಬಿಗಿಯಾದ ಬಗೆ

2016ರ ಜೂನ್ 23ರ ಮತಚೀಟಿಯಲ್ಲಿ ಇದ್ದದ್ದು ಎರಡೇ ಚೌಕ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆ, ಬಿಡಬೇಕೆ? ಶೇ 51.9ರಷ್ಟು ಮಂದಿ ಬಿಡೋಣ ಎಂದರು. ಬಿಟ್ಟು ಎಲ್ಲಿ ನಿಲ್ಲುವುದು ಎಂದು ಯಾರನ್ನೂ ಕೇಳಿರಲಿಲ್ಲ. ನಾರ್ವೆಯಂತೆ ಒಂದೇ ನಿಯಮದಡಿ ಸರಕು ತಡೆಯಿಲ್ಲದೆ ಓಡಾಡುವ ಒಕ್ಕೂಟದ ಏಕ ಮಾರುಕಟ್ಟೆಯೊಳಗೇ ಇರಬಹುದಿತ್ತು, ಕೆನಡಾದಂತೆ ಬರೀ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿ ದೂರ ಸರಿಯಬಹುದಿತ್ತು. 2011ರಲ್ಲಿ ಚುನಾವಣಾ ಪದ್ಧತಿ ಕುರಿತು ಜನಮತಗಣನೆ ನಡೆದಾಗ ‘ಹೌದು’ ಬಂದರೆ ಮುಂದೇನು ಎಂಬುದು ಕಾಯ್ದೆಯಲ್ಲೇ ಇತ್ತು. 2016ರ ಮತದಾನಕ್ಕೆಂದು ತಂದ 2015ರ ಕಾಯ್ದೆಯಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಉಳಿದ ಗೋಜಲೆಲ್ಲ ಹುಟ್ಟಿದ್ದು ಈ ಖಾಲಿ ಜಾಗದಲ್ಲೇ.



ಸಿಕ್ಕು ಬಿದ್ದದ್ದು ಐರ್ಲೆಂಡ್ ದ್ವೀಪದಲ್ಲಿ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ ಗಣರಾಜ್ಯ ಒಕ್ಕೂಟದ ಸದಸ್ಯ. ನಡುವಿನ ಗಡಿ ಸುಮಾರು 500 ಕಿ.ಮೀ., ಅದನ್ನು ದಾಟುವ ದಾರಿಗಳು 200ಕ್ಕೂ ಹೆಚ್ಚು. 1993ರಲ್ಲಿ ಏಕ ಮಾರುಕಟ್ಟೆ ಬಂದಾಗ ಸುಂಕದ ಕಟ್ಟೆಗಳು ಹೋದವು, ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಶಾಂತಿ ಒಪ್ಪಂದದ ನಂತರ ಸೇನೆಯ ಕಾವಲು ಗೋಪುರಗಳೂ ಹೋದವು. ಅಲ್ಲಿ ಮತ್ತೆ ಗೇಟು ಹಾಕುವುದು ಯಾರಿಗೂ ಬೇಡ. ಒಕ್ಕೂಟದ ನಿಯಮಗಳಿಂದ ಹೊರಬರಬೇಕು, ದ್ವೀಪದೊಳಗೆ ಗಡಿ ಬೇಡ, ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವಿನ ಸಮುದ್ರದಲ್ಲೂ ಗಡಿ ಬೇಡ. ಈ ಮೂರರಲ್ಲಿ ಎರಡು ಸಿಕ್ಕಾವು, ಮೂರೂ ಸಿಗುವುದಿಲ್ಲ. 2019ರ ಮಾರ್ಚ್ 27ರಂದು ಬ್ರಿಟಿಷ್ ಸಂಸತ್ತಿನ ಮುಂದೆ ಬ್ರೆಕ್ಸಿಟ್ ಮುಂದೇನು ಎಂಬುದಕ್ಕೆ ಎಂಟು ಆಯ್ಕೆಗಳಿದ್ದವು, ಎಂಟೂ ಸೋತವು. ಏಪ್ರಿಲ್ 1ರಂದು ಅವುಗಳಲ್ಲಿ ನಾಲ್ಕನ್ನು ಮತ್ತೆ ಮತಕ್ಕೆ ಹಾಕಿದಾಗ ಅವೂ ಸೋತವು. ಆ ನಾಲ್ಕರಲ್ಲಿ ಸುಂಕದ ಒಕ್ಕೂಟದ (ಪರಸ್ಪರ ಸುಂಕವಿಲ್ಲ, ಹೊರಗಿನವರಿಗೆ ಒಂದೇ ಸುಂಕ) ಪ್ರಸ್ತಾವ ಬಿದ್ದದ್ದು ಮೂರೇ ಮತಗಳಿಂದ.

ಕೊನೆಗೆ ಅದೇ ವರ್ಷ ಅಕ್ಟೋಬರಿನಲ್ಲಿ ಒಕ್ಕೂಟದೊಡನೆ ಆದ ಒಪ್ಪಂದದಲ್ಲಿ ಗಡಿಯನ್ನು ಸಮುದ್ರಕ್ಕೆ ಇಳಿಸಿದರು. ಉತ್ತರ ಐರ್ಲೆಂಡ್ ಸರಕಿನ ಮಟ್ಟಿಗೆ ಒಕ್ಕೂಟದ ನಿಯಮದಲ್ಲೇ ಉಳಿಯಿತು, ತಪಾಸಣೆ ಬೆಲ್‌ಫಾಸ್ಟ್, ಲಾರ್ನ್ ಬಂದರುಗಳಿಗೆ ಬಂತು. ಹೇಳುವಷ್ಟು ಸುಲಭವಾಗಿರಲಿಲ್ಲ. ಸೂಪರ್‌ಮಾರ್ಕೆಟ್ಟಿಗೆ ಹೊರಟ ಒಂದು ಲಾರಿಯಲ್ಲಿ ಹಾಲು, ಕೋಳಿ, ಮಾಂಸದ ಪೈ, ಚೀಸ್ ಎಲ್ಲ ಒಟ್ಟಿಗೇ ಇರುತ್ತವೆ. ನಿಯಮದ ಪ್ರಕಾರ ಪ್ರಾಣಿಜನ್ಯವಾದ ಒಂದೊಂದು ಬಗೆಗೂ ಪಶುವೈದ್ಯರ ಸಹಿಯುಳ್ಳ ಆರೋಗ್ಯ ಪ್ರಮಾಣಪತ್ರ ಬೇಕಿತ್ತು, ಬಂದರಿಗೆ ಮುಂಗಡ ಸೂಚನೆ ಹೋಗಬೇಕಿತ್ತು. ಒಂದು ಪತ್ರದಲ್ಲಿ ಅಂಕಿ ತಪ್ಪಿದರೆ ಇಡೀ ಲಾರಿ ನಿಲ್ಲಬೇಕಿತ್ತು. ಸಾಸೇಜಿನ ಪಾಡು ಇನ್ನೂ ವಿಚಿತ್ರ. ಹೊರದೇಶದ ಹಸಿ ಸಾಸೇಜು, ಕೊಚ್ಚಿದ ಮಾಂಸ ತಣ್ಣಗಿದ್ದರೆ ಸಾಲದು, ಗಟ್ಟಿಯಾಗಿ ಹೆಪ್ಪುಗಟ್ಟಿರಬೇಕು ಎನ್ನುತ್ತದೆ ಒಕ್ಕೂಟದ ಕಾನೂನು. ಅಂದರೆ ಲಿವರ್‌ಪೂಲಿನ ಫ್ರಿಜ್ಜಿನಲ್ಲಿದ್ದ ಪೊಟ್ಟಣಕ್ಕೆ ತನ್ನದೇ ದೇಶದ ಬೆಲ್‌ಫಾಸ್ಟಿಗೆ ಪ್ರವೇಶವಿರಲಿಲ್ಲ! ಈ ನಿಯಮಗಳಿಗೆ ಕೊಟ್ಟಿದ್ದ ತಾತ್ಕಾಲಿಕ ವಿನಾಯಿತಿಯನ್ನು ಮತ್ತೆ ಮತ್ತೆ ವಿಸ್ತರಿಸಿದ್ದರಿಂದ ಅಂಗಡಿಯ ಕಪಾಟುಗಳು ಖಾಲಿಯಾಗಲಿಲ್ಲ.

ರಾಜಕೀಯ ಮಾತ್ರ ಖಾಲಿಯಾಯಿತು. 2022ರ ಫೆಬ್ರುವರಿ 3ರಂದು ಉತ್ತರ ಐರ್ಲೆಂಡ್ ಸರ್ಕಾರದ ಪ್ರಥಮ ಸಚಿವರು, ಬ್ರಿಟನ್ ಪರ (ಯೂನಿಯನಿಸ್ಟ್) ಪಕ್ಷದವರು, ಸಮುದ್ರದ ಗಡಿಯನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು, ಸರ್ಕಾರ ಬಿತ್ತು. ಹೊಸ ಸರ್ಕಾರ ಬಂದದ್ದು 2024ರ ಅದೇ ದಿನ. ನಡುವೆ 2023ರ ವಿಂಡ್ಸರ್ ಒಪ್ಪಂದ ಸರಕನ್ನು ಎರಡು ದಾರಿಗೆ ಹಂಚಿತು. ಉತ್ತರ ಐರ್ಲೆಂಡಿನಲ್ಲೇ ಮಾರುವುದಕ್ಕೆ ಹಸಿರು, ದಕ್ಷಿಣಕ್ಕೆ ಜಾರಬಹುದಾದದ್ದಕ್ಕೆ ಕೆಂಪು. ಹಸಿರು ದಾರಿಯಲ್ಲಿ ಇಡೀ ಲಾರಿಗೆ ಒಂದೇ ಪ್ರಮಾಣಪತ್ರ ಸಾಕು, ಆದರೆ ಹಾಲು, ಮಾಂಸದ ಪೊಟ್ಟಣಗಳ ಮೇಲೆ ‘ಐರೋಪ್ಯ ಒಕ್ಕೂಟಕ್ಕಲ್ಲ’ ಎಂಬ ಚೀಟಿ ಅಂಟಿಸಬೇಕು. ದೊಡ್ಡ ಅಂಗಡಿಗಳು ಇದಕ್ಕೆ ಒಗ್ಗಿಕೊಂಡವು. ವರ್ಷಕ್ಕೆ ನಾಲ್ಕು ಗಿಡ ಕಳಿಸುವ ಸಣ್ಣ ನರ್ಸರಿಗೆ ಅಷ್ಟು ಕಾಗದದ ಕೆಲಸ ಗಿಟ್ಟುವುದಿಲ್ಲ, ಕಳಿಸುವುದನ್ನೇ ಬಿಡುತ್ತದೆ.

2024ರ ಡಿಸೆಂಬರಿನಲ್ಲಿ ಈ ವ್ಯವಸ್ಥೆ ಮುಂದುವರಿಯಲಿ ಎಂದು ಉತ್ತರ ಐರ್ಲೆಂಡಿನ ಸ್ಟಾರ್ಮಾಂಟ್ ಶಾಸನಸಭೆ 48–36ರಿಂದ ಒಪ್ಪಿತು. ಪರ ಮತಗಳಲ್ಲಿ ಯೂನಿಯನಿಸ್ಟರದ್ದು ಒಂದೂ ಇರಲಿಲ್ಲ. ಬ್ರಿಟನ್ ಪರ ಮತ್ತು ಐರ್ಲೆಂಡ್ ಪರ, ಈ ಎರಡೂ ಸಮುದಾಯಗಳ ಒಪ್ಪಿಗೆ ಸಿಕ್ಕಿದ್ದರೆ ಎಂಟು ವರ್ಷ ನಿರಾಳ, ಸಿಗದ ಕಾರಣ ನಾಲ್ಕೇ ವರ್ಷ. 2025ರ ಮೇನಲ್ಲಿ ಲಂಡನ್ ಮತ್ತು ಬ್ರಸೆಲ್ಸ್ ಆಹಾರ, ಸಸ್ಯ ತಪಾಸಣೆ ಕುರಿತ ಒಪ್ಪಂದಕ್ಕೆ ತಾತ್ವಿಕವಾಗಿ ಕೈಕುಲುಕಿವೆ. ಅದು ಜಾರಿಯಾದರೆ ಆ ಚೀಟಿ ಅಂಟಿಸುವ ಕೆಲಸ ಬಹುಪಾಲು ತಪ್ಪುತ್ತದೆ, ಬದಲಿಗೆ ಈ ವಿಷಯದಲ್ಲಿ ಇಡೀ ಬ್ರಿಟನ್ ಮತ್ತೆ ಒಕ್ಕೂಟದ ನಿಯಮವನ್ನೇ ಪಾಲಿಸಬೇಕಾಗುತ್ತದೆ. ಸ್ಟಾರ್ಮಾಂಟಿನಲ್ಲಿ ಮುಂದಿನ ಮತ 2028ರಲ್ಲಿ.